ಇನ್ನೆರಡು ದಿನ ಇದ್ದು ಹೋಗಿ

ನಮ್ಮ ಕಡೆ ಮನೆಗೆ ಬಂದ ನೆಂಟರು ಹೊರಟು ನಿಂತರೆ ಅವರನ್ನು ಮೂರು ಸಲ ತಡೆಯಬೇಕು. ಚೀಲ ಎತ್ತಿಕೊಂಡಾಗ ಒಂದು ಸಲ, ಹೊಸಿಲು ದಾಟುವಾಗ ಒಂದು ಸಲ, ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಇನ್ನೊಂದು ಸಲ. “ಇಷ್ಟ್ ಬೇಗ ಏನವಸ್ರ? ಇನ್ನೆರಡು ದಿನ ಇದ್ದು ಹೋಗಿ” ಅನ್ನಬೇಕು. ನೆಂಟರೂ ಮೂರು ಸಲ ಒಲ್ಲೆ ಅನ್ನಬೇಕು. ದನ ಕಟ್ಟುವವರಿಲ್ಲ, ನಾಳೆ ಆಳು ಬರುತ್ತಾರೆ, ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಾಳೆ. ಕಾರಣ ಏನಾದರೂ ಆದೀತು, ಸುಳ್ಳಾದರೂ ಆದೀತು. ಮೂರನೆಯದು ಮುಗಿದ ಮೇಲೆ “ಹೋಗ್ ಬತ್ತೀವಿ” ಅಂತ ಅವರು, “ಹೋಗ್ ಬನ್ನಿ” ಅಂತ ನಾವು. ಅಲ್ಲಿಗೆ ಎರಡೂ ಕಡೆಯ ಮಾನ ಉಳಿಯಿತು.

ಇದನ್ನು ಕಲಿಸಿದವಳು ಅಜ್ಜಿ. “ಹೊರಟೋರ್ನ ಸುಮ್ನೆ ಕಳ್ಸೋದೂ ಒಂದೇ, ಕತ್ತು ಹಿಡಿದು ಓಡ್ಸೋದೂ ಒಂದೇ” ಅನ್ನುತ್ತಿದ್ದಳು. ನಾನು ಐದಾರು ವರ್ಷದವನಿದ್ದಾಗ ಅಜ್ಜಿಯ ತಮ್ಮ ಬಂದಿದ್ದರು. ಮಡಿಲಲ್ಲಿ ಕೂರಿಸಿಕೊಂಡು ನರಿಯ ಕತೆ ಹೇಳುತ್ತಿದ್ದ ಮುದುಕ. ಅವರು ಹೊರಟಾಗ ಅಜ್ಜಿ ಇರು ಇರು ಅನ್ನುವುದು, ಅವರು ಒಲ್ಲೆ ಒಲ್ಲೆ ಅನ್ನುವುದು ಕೇಳಿ ನನಗೆ ಸಂಕಟವಾಯಿತು. ಇಷ್ಟು ಕೇಳಿಕೊಂಡರೂ ಈ ತಾತ ಇರುವುದಿಲ್ಲವಲ್ಲ ಎಂದು ಅವರ ಚಪ್ಪಲಿ ಎತ್ತಿಕೊಂಡು ಹೋಗಿ ಹುಲ್ಲಿನ ಬಣವೆಯೊಳಗೆ ತುರುಕಿಬಿಟ್ಟೆ. ಪಾಪ, ಹುಡುಕಿ ಹುಡುಕಿ ಸಾಕಾಗಿ, ಬಸ್ಸು ತಪ್ಪುತ್ತದೆಂದು ಬರಿಗಾಲಲ್ಲೇ ವನಗೂರಿನ ಇಳಿಜಾರು ಇಳಿದು ಹೋದರು.

ಸಂಜೆ ಚಪ್ಪಲಿ ಹಸುವಿನ ಬಾಯಿಗೆ ಸಿಕ್ಕಿತು. ಅಪ್ಪ ಕೋಲು ಹುಡುಕುವಾಗ ನನ್ನನ್ನು ಸೆರಗಿನ ಹಿಂದೆ ಅಡಗಿಸಿಕೊಂಡವಳು ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು, ಆಗಷ್ಟೇ ದಾವಣಿ ಉಡುತ್ತಿದ್ದಳು. ಆಮೇಲೆ ನನ್ನ ಮೂಗೊರೆಸುತ್ತಾ ಹೇಳಿದಳು: “ಲೋ ಪೆದ್ದ, ಅದು ಬಾಯ್ಮಾತಿಗೆ ಅನ್ನೋದು ಕಣೋ. ಇರ್ಲಿ ಅಂತ ಅಲ್ಲ. ಇರಿ ಅಂದ್ರೆ ಅವ್ರಿಗೆ ಖುಷಿ, ಹೋಯ್ತೀವಿ ಅಂದ್ರೆ ನಮಗೆ ಖುಷಿ.” ಮನೆಮಂದಿಯೆಲ್ಲ ನಕ್ಕರು. ಆ ಪಾಠ ಮಾತ್ರ ನನಗೆ ಎಷ್ಟು ಚೆನ್ನಾಗಿ ಹತ್ತಿತೆಂದರೆ, ದೊಡ್ಡವನಾದ ಮೇಲೆ ನನ್ನ ಬಾಯಿ ನನ್ನನ್ನು ಕೇಳದೆಯೇ ಆ ಮಾತು ಆಡುತ್ತಿತ್ತು. ಅದು ನನಗೆ ಏನು ಮಾಡಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮ ತೋಟದ ಮೇಲ್ತುದಿಯಲ್ಲಿ ಒಂದು ಪುಟ್ಟ ಮನೆಯಿದೆ. ಎಂಟಡಿ ಅಗಲ, ಹತ್ತಡಿ ಉದ್ದ, ಒಂದು ಬಾಗಿಲು, ಒಂದು ಕಿಟಕಿ. ಅಪ್ಪ ಏಲಕ್ಕಿ ಒಣಗಿಸಲು ಕಟ್ಟಿಸಿದ್ದು. ಹೊರಗೆ ಸೌದೆ ಉರಿಸಿದರೆ ಒಳಗೆ ನೆಲದ ಮೇಲೆ ಹಾದುಹೋಗುವ ಕಬ್ಬಿಣದ ಕೊಳವೆ ಕಾದು ಕಾಯಿ ಒಣಗುತ್ತಿತ್ತು. ಕಟ್ಟೆರೋಗ ಬಂದು ಏಲಕ್ಕಿ ಗಿಡಗಳೆಲ್ಲ ಹೋದವು. ಅಪ್ಪ ಕೊಳವೆ ಕೀಳಿಸಿ, ನೆಲಕ್ಕೆ ರೆಡ್ ಆಕ್ಸೈಡ್ ಬಳಿಸಿ, ಒಂದು ಮಂಚ ಹಾಕಿಸಿದರು. ಗೋಡೆ ಮಾತ್ರ ಏಲಕ್ಕಿಯನ್ನು ಮರೆಯಲಿಲ್ಲ. ಒಂದು ಹನಿ ಮಳೆ ಬಿದ್ದರೂ ಸಾಕು, ಒಳಗೆಲ್ಲ ಪಾಯಸದ ವಾಸನೆ. ಅಷ್ಟು ಚಿಕ್ಕದಾದ್ದರಿಂದ ನಾವೆಲ್ಲ ಅದನ್ನು ಗೂಡು ಅನ್ನುತ್ತಿದ್ದೆವು.

ಅಕ್ಕನನ್ನು ಆಲೂರಿನ ಆಚೆಗೆ ಕೊಟ್ಟಿತ್ತು. ಆಲೂಗೆಡ್ಡೆ, ರಾಗಿ, ಎರಡು ಜೊತೆ ಎತ್ತು, ಕರೆಯುವ ಎಮ್ಮೆಗಳು, ಹದಿನಾಲ್ಕು ಜನ ಉಣ್ಣುವ ಮನೆ. ಭಾವ ಒಳ್ಳೆಯವರು. ಆದರೆ ಹದಿನಾಲ್ಕು ಜನರಲ್ಲಿ ಒಬ್ಬರು ಒಳ್ಳೆಯವರಾದರೆ ಒಲೆ ತಾನಾಗಿ ಉರಿಯುತ್ತದೆಯೇ? ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ತೊಂಬತ್ತರ ನಂತರ ಇರಬೇಕು, ಅಕ್ಕ ಒಂದು ಪದ್ಧತಿ ಮಾಡಿಕೊಂಡಳು. ವರ್ಷಕ್ಕೆ ನಾಲ್ಕು ದಿನ ತವರಿಗೆ ಬರುವುದು. ಬಂದರೆ ನಾವೆಲ್ಲ ಇರುವ ದೊಡ್ಡಮನೆಯಲ್ಲಿ ಅಲ್ಲ, ಗೂಡಿನಲ್ಲಿ ಒಬ್ಬಳೇ ಇರುವುದು. ಅದೂ ಕಾಫಿ ಹೂವಾಗುವಾಗ.

ಕಾಫಿ ಸೀಮೆಯವರಲ್ಲದವರಿಗೆ ಹೇಳಬೇಕು. ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ ಬೀಳುವ ಮೊದಲ ಮಳೆಗೆ ನಾವು ಹೂಮಳೆ ಅನ್ನುತ್ತೇವೆ. ಅದು ಬಿದ್ದು ಎಂಟು ಒಂಬತ್ತು ದಿನಕ್ಕೆ, ಅಲ್ಲಿಯವರೆಗೆ ಸುಮ್ಮನಿದ್ದ ಗಿಡಗಳೆಲ್ಲ ಒಂದೇ ಬೆಳಗ್ಗೆ ಬೆಳ್ಳಗಾಗಿಬಿಡುತ್ತವೆ. ಮೂರು ದಿನ, ಹೆಚ್ಚೆಂದರೆ ನಾಲ್ಕು. ಆಮೇಲೆ ಹೂವು ಕಂದಿ, ಒದ್ದೆ ಚಹಾಪುಡಿಯ ಹಾಗೆ ಕೊಂಬೆಗೆ ಅಂಟಿಕೊಂಡಿರುತ್ತದೆ. ಗೂಡಿನ ಹೊಸಿಲ ಮೇಲೆ ಕೂತರೆ ಕೆಳಗಿನ ಇಳಿಜಾರೆಲ್ಲ ಕಾಣುತ್ತದೆ. ಹೂವಿನ ದಿನಗಳಲ್ಲಿ ಅಲ್ಲಿ ಕೂತವರಿಗೆ ಜೇನಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

ಹೂಮಳೆ ಬಿದ್ದ ಮಾರನೆಯ ದಿನ ಅಕ್ಕನ ಫೋನು ಬರುತ್ತಿತ್ತು, ಆಲೂರಿನ ಎಸ್‌ಟಿಡಿ ಬೂತಿನಿಂದ. ಕ್ಷೇಮಸಮಾಚಾರ ಆಮೇಲೆ. ಮೊದಲ ಮಾತೇ “ಬಿತ್ತೇನೋ?” ಬಿತ್ತು ಅಂದರೆ “ಗೂಡು ಗುಡ್ಸಿಡು” ಅಂತ ಇಟ್ಟೇಬಿಡುತ್ತಿದ್ದಳು. ಬರುವಾಗ ಒಂದು ವೈರ್ ಬ್ಯಾಗು, ಎರಡು ಸೀರೆ, ಒಂದು ಚೀಲ ಆಲೂಗೆಡ್ಡೆ.

ಬಂದು ಏನು ಮಾಡುತ್ತಿದ್ದಳು? ಏನೂ ಇಲ್ಲ. ಮಲಗುತ್ತಿದ್ದಳು. ಏಳುತ್ತಿದ್ದಳು. ಬೆಲ್ಲದ ಕರಿಕಾಫಿ ಕಾಸಿಕೊಂಡು ಹೊಸಿಲ ಮೇಲೆ ಕೂರುತ್ತಿದ್ದಳು. ನನ್ನ ಹೆಂಡತಿ ರೊಟ್ಟಿ, ಎಳೆ ಹಲಸಿನ ಪಲ್ಯ ಕಳಿಸಿದರೆ ತಿನ್ನುತ್ತಿದ್ದಳು, ಪಾತ್ರೆ ತೊಳೆಯದೆ ಹಾಗೇ ವಾಪಸು ಕಳಿಸುತ್ತಿದ್ದಳು. ನನ್ನ ಹೆಂಡತಿಗೆ ಮೊದಲ ವರ್ಷ ಸಿಟ್ಟು ಬಂದಿತ್ತು. “ಏನ್ರೀ ನಿಮ್ಮಕ್ಕ, ಎಂಜಲು ತಟ್ಟೆನೂ ಹಂಗೇ ಕಳಿಸ್ತಾರೆ?” ಮುಂದಿನ ವರ್ಷ ಅಕ್ಕನ ಮನೆಗೆ ಹೋಗಿ ಅಲ್ಲಿ ರಾಶಿ ಬಿದ್ದ ಪಾತ್ರೆ ನೋಡಿ ಬಂದವಳು ಆ ಮಾತು ಎತ್ತಲಿಲ್ಲ.

ಒಮ್ಮೆ ನಾನೇ ಕೇಳಿದೆ, “ಅಕ್ಕ, ದೊಡ್ಡಮನೇಲಿ ಇರಕ್ಕೇನು ನಿಂಗೆ? ಈ ಗೂಡಲ್ಲಿ ಕಾಲು ಚಾಚಿದ್ರೆ ಗೋಡೆ.”

“ನಮ್ಮನೇಲಿ ಹನ್ನೆರಡು ಅಂಕಣ ಐತೆ, ನಂಗೆ ಕೂರಕ್ಕೆ ಜಾಗಿಲ್ಲ ಕಣೋ” ಅಂದಳು. “ಇಲ್ಲಿ ನೋಡು, ಮಲಗಕ್ಕೂ ಜಾಗೈತೆ. ಗುಡ್ಸಿದ್ರೆ ಪೊರ್ಕೇಲಿ ನಾಲ್ಕೇ ಬರ್ಲು. ಯಾರೂ ಅಮ್ಮಾ ಅನ್ನಲ್ಲ, ಅತ್ತೇ ಅನ್ನಲ್ಲ, ಏನಡುಗೆ ಅನ್ನಲ್ಲ. ವರ್ಷಕ್ ನಾಲ್ಕು ದಿನ ನಾನು ಯಾರಿಗೂ ಏನೂ ಅಲ್ಲ.”

ಎರಡು ಸಾವಿರದ ಈಚೆಗೆ ನಮ್ಮ ಕಡೆ ಪೇಟೆಯವರು ರಜೆ ಕಳೆಯಲು ಬರಲು ಶುರುಮಾಡಿದರು. ಮೊದಲು ದೋಣಿಗಲ್ಲಿನ ಹತ್ತಿರ ಹೆದ್ದಾರಿ ಬದಿಯ ದೊಡ್ಡ ಎಸ್ಟೇಟುಗಳಿಗೆ, ಆಮೇಲೆ ನಮ್ಮಂಥ ಮೂಲೆಗಳಿಗೂ. ಪಕ್ಕದ ಎಸ್ಟೇಟಿನವರು ತಮ್ಮಲ್ಲಿ ಜಾಗ ಸಾಲದ ಒಂದು ದಿನ ಇಬ್ಬರನ್ನು ನಮ್ಮಲ್ಲಿಗೆ ಕಳಿಸಿದರು. ದೊಡ್ಡಮನೆಯ ಕೋಣೆ ತೋರಿಸಿದರೆ ಅವರಿಗೆ ಬೇಡವಂತೆ, ಗೂಡೇ ಬೇಕಂತೆ! ಹೋದವರು ಇನ್ನಿಬ್ಬರಿಗೆ ಹೇಳಿದರು. ಹೀಗೆ ಗೂಡಿನ ಹಿಂದೆ ಒಂದು ಬಚ್ಚಲು ಬಂತು, ಕಿಟಕಿಗೆ ಪರದೆ ಬಂತು. ಅಕ್ಕನಿಗೆ ಹೇಳಲು ನನಗೆ ಅಳುಕು.

“ನನ್ನ ಗೂಡ್ನ ಬಾಡ್ಗೆಗೆ ಬುಟ್ಬುಟ್ಯಾ?” ಎಂದು ಕಣ್ಣರಳಿಸಿ ನಕ್ಕಳು. “ಅಲ್ಲ ಮಾರಾಯ, ಆ ಪ್ಯಾಟೆಯವ್ರಿಗೆ ಮನೆಗಿನೆ ಇಲ್ವಾ? ನಂಗೇನೋ ನಮ್ಮತ್ತೆ ಕಾಟ ಇತ್ತು, ಅವ್ರಿಗೇನಂತೆ?” ಆಮೇಲೆ ಗಂಭೀರವಾದಳು. “ನೋಡು ತಮ್ಮ, ಹೂವಿನ ನಾಲ್ಕು ದಿನ ನಂದು. ಮಿಕ್ಕಿದ್ದು ಯಾರಿಗಾದ್ರೂ ಕೊಟ್ಕೊ. ಆ ನಾಲ್ಕು ದಿನ ಯಾರಿಗೂ ಕೊಡಬ್ಯಾಡ.”

“ಕೊಡಲ್ಲಕ್ಕ.”

“ನಿನ್ನ ಬಾಯ್ಮಾತಲ್ಲ ಮತ್ತೆ?”

“ಅಪ್ಪನಾಣೆ ಕೊಡಲ್ಲ.”

ಎರಡು ವರ್ಷ ಮಾತು ನಡೆಸಿದೆ. ಮೂರನೆಯ ವರ್ಷದ ಸಂಕ್ರಾಂತಿಗೆ ಮುಂಚೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯಿದೆ ಅಂದರು. ಹಾಸನದಲ್ಲಿ ಔಷಧಿ ಏರಿಸುತ್ತಿದ್ದರು, ಮೂರು ವಾರಕ್ಕೊಮ್ಮೆ. ಏರಿಸಿದ ಮೊದಲ ವಾರ ತಲೆಯೆತ್ತಲು ಆಗುತ್ತಿರಲಿಲ್ಲ. ಎರಡನೇ ವಾರ ಗಂಜಿ ಸೇರುತ್ತಿತ್ತು. ಮೂರನೇ ವಾರ ಬಾಯಿಗೆ ರುಚಿ, ಕಾಲಿಗೆ ಬಲ ಬರುತ್ತಿತ್ತು. ಅಷ್ಟರಲ್ಲಿ ಮತ್ತೆ ಹಾಸನ. ನಾನು ನೋಡಲು ಹೋದಾಗ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ಬಂದುಹೋಗುವವರೆಲ್ಲ ಹೇಗಿದ್ದೀಯ ಹೇಗಿದ್ದೀಯ ಎಂದು ಕೇಳುತ್ತಿದ್ದರು. ಎಲ್ಲರೂ ಎದ್ದ ಮೇಲೆ ನನ್ನ ಕೈಹಿಡಿದು ಮೆಲ್ಲಗೆ ಕೇಳಿದಳು: “ಬಿತ್ತೇನೋ?”

“ಇನ್ನೂ ಇಲ್ಲಕ್ಕ.”

“ಮೂರನೇ ವಾರದಲ್ಲಿ ಅರಳಂಗೆ ಬೀಳ್ಲಿ ಅಂತ ಹೇಳು ನಿಮ್ಮೂರ ದೇವ್ರಿಗೆ. ಈ ಸಲ ಒಂದಿಷ್ಟು ನೋಡ್ಬುಡಬೇಕು.”

ಅದರ ಅರ್ಥ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ವರ್ಷದ ಗೌರಿಹಬ್ಬಕ್ಕೆ ಬಾಗಿನ ಹೊತ್ತು ಹೋಗಲು ನನಗೆ ಅಕ್ಕ ಇರಲಿಲ್ಲ. ಮುಂದೆ ಹೇಳುವುದನ್ನೆಲ್ಲ ನೀವು ಇದನ್ನು ತಿಳಿದುಕೊಂಡೇ ಕೇಳಬೇಕು.

ದೇವರು ಕೇಳಿಸಿಕೊಂಡ. ಒಂದು ಬುಧವಾರ ಸಂಜೆ, ಹದವಾಗಿ, ಆಲಿಕಲ್ಲಿಲ್ಲದೆ ಹೂಮಳೆ ಬಿತ್ತು. ಬೆರಳು ಮಡಚಿ ಎಣಿಸಿದೆ. ಮುಂದಿನ ವಾರದ ಶುಕ್ರವಾರಕ್ಕೆ ಹೂವು. ಅಕ್ಕನ ಮೂರನೇ ವಾರ! ಅದರಾಚೆಯ ಬುಧವಾರ ಹಾಸನಕ್ಕೆ ಹೋಗಬೇಕು. ಫೋನು ಮಾಡಿ “ಗುರುವಾರ ಬಂದ್ಬುಡಕ್ಕ, ಶುಕ್ರವಾರ ಬೆಳಿಗ್ಗೆ ಎದ್ದು ನೋಡೀಯಂತೆ” ಅಂದೆ. “ಗೂಡು ಗುಡ್ಸಿಡು” ಅಂದಳು ಅಕ್ಕ.

ಗೂಡಿಗೆ ಆ ಭಾನುವಾರದಿಂದ ಬುಧವಾರದವರೆಗೆ ಒಂದು ದಂಪತಿ ಬರುವುದು ಮೊದಲೇ ಗೊತ್ತಾಗಿತ್ತು. ಬುಧವಾರ ಹೋಗುತ್ತಾರೆ, ಗುರುವಾರ ಅಕ್ಕ. ನಡುವೆ ಒಂದು ರಾತ್ರಿಯೇ ಇದೆಯಲ್ಲ ಎಂದು ಸುಮ್ಮನಾದೆ.

ಬಂದವರು ಬೆಂಗಳೂರಿನವರು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಕೊರಳಲ್ಲಿ ದುರ್ಬೀನು, ಜೇಬಿನಲ್ಲಿ ಹಕ್ಕಿಗಳ ಹೆಸರು ಬರೆದುಕೊಳ್ಳುವ ಪುಸ್ತಕ. ಅವರ ಹೆಂಡತಿಗೆ ಮಂಡಿನೋವು, ಮಾತೆಲ್ಲ ಬೆಣ್ಣೆ. ಕೊಟ್ಟಿದ್ದನ್ನು ಹೊಗಳಿ ಉಂಡರು, ಕೆಲಸದವರ ಮಕ್ಕಳಿಗೆ ಬಿಸ್ಕತ್ತು ಕೊಟ್ಟರು. ಕೆಟ್ಟವರಾಗಿದ್ದರೆ ನನಗೆ ಇವತ್ತಿಗೂ ಎಷ್ಟು ಹಗುರವಾಗುತ್ತಿತ್ತು!

ಬುಧವಾರ ಬೆಳಿಗ್ಗೆ ಇಬ್ಬರೂ ಚೀಲ ಹಿಡಿದು ದೊಡ್ಡಮನೆಯ ಅಂಗಳಕ್ಕೆ ಬಂದರು. “ಹೊರಡ್ತೀವಿ ಸಾರ್. ತುಂಬಾ ಚೆನ್ನಾಗಿತ್ತು” ಅಂದರು ಯಜಮಾನರು.

ಚೀಲ ಎತ್ತಿದ್ದು ನನ್ನ ಕಣ್ಣಿಗೆ ಬಿತ್ತು. ಬಾಯಿ ತೆರೆಯಿತು. “ಅಯ್ಯೋ, ಇಷ್ಟ್ ಬೇಗ ಏನವಸ್ರ? ಇನ್ನೆರಡು ದಿನ ಇದ್ದು ಹೋಗಿ. ನಾಡಿದ್ದು ತೋಟ ಹೂವಾಯ್ತದೆ.”

ಆಡಿದ ಮಾತಿಗೆ ಬರಬೇಕಾದ ಉತ್ತರಕ್ಕಾಗಿ ಕಾದೆ. ಇಲ್ಲ ಇಲ್ಲ, ಇನ್ನೊಂದು ಸಲ, ಮನೆಯಲ್ಲಿ ಕೆಲಸ. ನಾನು ಎರಡನೆಯ ಸಲದ್ದಕ್ಕೆ ಸಿದ್ಧನಾಗಿ ನಿಂತಿದ್ದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಕೆಯ ಕಣ್ಣು ತುಂಬಿತು. “ಕೇಳಿದ್ರಾ? ಎಷ್ಟು ಪ್ರೀತಿಯಿಂದ ಹೇಳ್ತಾರೆ” ಅಂದರು. ಯಜಮಾನರು ಚೀಲ ಕೆಳಗಿಟ್ಟು, “ನೀವು ಇಷ್ಟು ಹೇಳಿದ ಮೇಲೆ ಹೇಗೆ ಹೋಗೋದು ಸಾರ್? ಇರ್ತೀವಿ” ಎಂದುಬಿಟ್ಟರು.

ನಮ್ಮ ಅಂಗಳದಲ್ಲಿ ಇರಿ ಅಂದದ್ದಕ್ಕೆ ಇರುತ್ತೇನೆ ಅಂದವರು ಅದುವರೆಗೆ ಯಾರೂ ಇರಲಿಲ್ಲ. ಅದಕ್ಕೆ ಮುಂದಿನ ಮಾತು ಏನೆಂದು ಅಜ್ಜಿ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಹಲ್ಲು ಬಿಟ್ಟುಕೊಂಡು “ಸಂತೋಷ, ಸಂತೋಷ” ಅಂದೆ.

ಅವರು ಗೂಡಿನ ಕಡೆ ಹತ್ತಿ ಮರೆಯಾಗುವವರೆಗೆ ನನ್ನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಆಮೇಲೆ ಹೊರಗೆ ಬಂದಳು. “ನಿಮ್ಮ ಬಾಯಿಗೊಂದು ಬಾಗ್ಲು ಇಡ್ಸಬೇಕಿತ್ತು ಕಣ್ರೀ. ನಾಳೆ ಅಕ್ಕ ಬರೋದು ಗ್ಯಾಪ್ಕ ಐತೋ ಇಲ್ವೋ?”

“ಬಾಯ್ ತಪ್ಪಿ ಬಂತು ಕಣೇ.”

“ಹಂಗಾದ್ರೆ ಹೋಗಿ ಹೇಳಿ. ನಮ್ಮಕ್ಕಂಗೆ ಹುಷಾರಿಲ್ಲ, ನಾಳೆ ಬತ್ತಾರೆ, ಜಾಗ ಬೇಕು ಅಂತ.”

“ಇರಿ ಅಂದ ಬಾಯಲ್ಲೇ ಏಳಿ ಅನ್ನೋದು ಹೆಂಗೆ?”

“ನಾನ್ ಹೇಳ್ಲಾ?”

“ನೀನ್ ಹೇಳಿದ್ರೂ ನಾನ್ ಹೇಳ್ದಂಗೇ.”

ಹೇಳಬಹುದಿತ್ತು. ಒಂದೇ ಒಂದು ಮಾತು. ಗೂಡಿನ ಅರ್ಧ ದಾರಿಯವರೆಗೆ ಎರಡು ಸಲ ಹತ್ತಿ ಹೋದೆ. ಒಂದು ಸಲ ಯಜಮಾನರು ಎದುರಾಗಿ ಯಾವುದೋ ಹಕ್ಕಿ ತೋರಿಸಿದರು, ನೋಡಿ ಬಂದೆ. ಇನ್ನೊಂದು ಸಲ ಆಕೆ ಹೊಸಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೂತವರನ್ನು ಎಬ್ಬಿಸುವುದು ಹೇಗೆ? ಎಲೆ ಹಾಕಿದ ಮೇಲೆ ಎಬ್ಬಿಸಬಾರದು ಎಂದು ಕೇಳಿ ಬೆಳೆದವನು ನಾನು. ತಿರುಗಿ ಇಳಿದೆ. ಅಕ್ಕ ನಮ್ಮವಳು, ಅವಳಿಗೆ ಹೇಳುವುದು ಸುಲಭ ಅನ್ನಿಸಿತು. ಪರರ ಮುಂದೆ ಇಲ್ಲದ ಧೈರ್ಯ ನಮ್ಮವರ ಮುಂದೆ ಎಲ್ಲಿಂದ ಬರುತ್ತದೋ!

ಫೋನು ಮಾಡಿದೆ. “ಅಕ್ಕ, ಒಂದು ಕೆಲಸ ಮಾಡ್ಬುಟ್ಟೆ” ಎಂದು ನಡೆದದ್ದೆಲ್ಲ ಹೇಳಿದೆ.

ಅವಳು ನಕ್ಕಳು. ನಗು ಮೊದಲಿನ ಹಾಗೇ ಇತ್ತು, ಉಸಿರು ಮಾತ್ರ ಸಾಲುತ್ತಿರಲಿಲ್ಲ. “ಇರ್ತೀವಿ ಅಂದ್ಬುಟ್ರಾ? ಅಯ್ಯೋ ನನ್ ಶಿವನೇ! ಅಜ್ಜಿ ಇದ್ದಿದ್ರೆ ಎದೆ ಒಡ್ಕೋತಿದ್ಲು.”

“ನೀನು ದೊಡ್ಡಮನೆಗೇ ಬಾರಕ್ಕ. ಜಗಲೀಲಿ ಮಂಚ ಹಾಕುಸ್ತೀನಿ. ಅಲ್ಲಿಂದ್ಲೂ ಕಾಣ್ತದೆ.”

“ಬ್ಯಾಡ ಕಣೋ. ಅಲ್ಲಿಗ್ ಬಂದ್ರೆ ನಾನು ನೆಂಟ್ಳು. ಇಡೀ ಊರು ಹೆಂಗಿದ್ದೀಯಾ ಅಂತ ಬತ್ತದೆ. ಇಲ್ಲಿ ಕೇಳಿ ಕೇಳಿ ಸಾಕಾಗೈತೆ ನಂಗೆ.”

“ಹಂಗಾದ್ರೆ ಅವ್ರಿಗೆ ಹೇಳ್ಬುಡ್ತೀನಿ.”

“ಏ, ಥೂ. ಇರಿ ಅಂತ ಕೂರುಸ್ಕೊಂಡು ಎಬ್ಬಿಸ್ತೀಯಾ? ಎರಡು ದಿನ ತಾನೆ? ಶುಕ್ರವಾರ ಹೋಯ್ತಾರೆ. ಶನಿವಾರ ಬತ್ತೀನಿ. ಹೂವೆಲ್ಲೋಯ್ತದೆ, ಶನಿವಾರಕ್ಕೂ ಇರ್ತದೆ.” ಆಮೇಲೆ “ಸೀರೆ ಬ್ಯಾಗಿಗೆ ಹಾಕ್ಬುಟ್ಟಿದ್ದೆ, ಇರ್ಲಿ ಬುಡು, ಅಲ್ಲೇ ಇರ್ತವೆ” ಅಂದಳು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಘಮ ಒಳಗೆ ಬಂದಿತ್ತು. ಅಂಥ ಹೂವು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಎಲೆಯೇ ಇಲ್ಲವೇನೋ ಅನ್ನುವ ಹಾಗೆ ಇಳಿಜಾರೆಲ್ಲ ಬಿಳಿ. ಗೂಡಿನ ಹೊಸಿಲ ಮೇಲೆ ಆಕೆ ಕೂತಿದ್ದರು, ಬೆನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ಅಕ್ಕ ಕೂರುವ ಹಾಗೆಯೇ. ನನ್ನನ್ನು ಕಂಡು ಕೈಮುಗಿದರು. “ನೀವು ತಡೀದೇ ಇದ್ದಿದ್ರೆ ಇದನ್ನ ನೋಡದೇನೇ ಸಾಯ್ತಿದ್ದೆ ನಾನು” ಅಂದರು.

ನಾನೂ ಕೈಮುಗಿದು ಇಳಿದು ಬಂದೆ.

ಸಂಜೆ ಹೊರಡುತ್ತಾರೆಂದು ನಾನು ತಿಳಿದಿದ್ದೆ. ಇನ್ನೆರಡು ದಿನ ಎಂದರೆ ಅವರ ಲೆಕ್ಕದಲ್ಲಿ ಎರಡು ಇಡೀ ದಿನ. ಶನಿವಾರ ಬೆಳಿಗ್ಗೆ ಚೀಲ ಹಿಡಿದು ಬಂದರು. ಈ ಸಲ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿ ನಿಂತೆ. ಹೆಂಡತಿ ಹಿಂದೆಯೇ ನಿಂತು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಅವರು ಹೊರಡ್ತೀವಿ ಅಂದರು. ನಾನು ಸುಮ್ಮನಿದ್ದೆ. ಮಾತಿಲ್ಲದ ಅಂಗಳ ಬಿಕೋ ಅಂದಿತು. ಯಜಮಾನರ ಮುಖ ಸಣ್ಣದಾಯಿತು.

“ಯಾಕೆ ಸಾರ್, ನಮ್ಮಿಂದ ಏನಾದ್ರೂ ಬೇಜಾರಾಯ್ತಾ?”

“ಛೆ ಛೆ! ಎಲ್ಲಾದ್ರೂ ಉಂಟಾ! ಇವತ್ತೇ ಏನವಸ್ರ ಅಂತ...” ಇಷ್ಟು ಹೊರಬಂದಾಗಿತ್ತು. ಹೆಂಡತಿ ಅಂಗಿ ಜಗ್ಗಿದಳು. ಅಷ್ಟರಲ್ಲಿ ಅವರು ಚೀಲ ಇಳಿಸಿ, “ಆಯ್ತಪ್ಪ, ನಿಮ್ಮ ಮನಸ್ಸಿಗೆ ಯಾಕೆ ನೋವು ಮಾಡೋದು? ನಾಳೆ ಊಟ ಮಾಡ್ಕೊಂಡೇ ಹೋಗ್ತೀವಿ” ಅಂದರು.

ಈ ಸಲ ಫೋನಿನಲ್ಲಿ ಅಕ್ಕ ನಗಲಿಲ್ಲ. “ಹೆಂಗೈತೋ ಹೂವು?” ಎಂದು ಕೇಳಿದಳು.

“ಚೆನ್ನಾಗೈತಕ್ಕ.”

“ಚೆನ್ನಾಗೈತೆ ಅಂದ್ರೆ ಹೆಂಗೆ, ಹೇಳು.”

ಹೇಳಲು ಶುರುಮಾಡಿದೆ. ಕೆರೆ ಕಡೆಯದು ಹೇಗಿದೆ, ಅಪ್ಪ ನೆಟ್ಟ ಹಳೇ ಗಿಡಗಳದು ಹೇಗಿದೆ, ಬಂಡೆಯ ಪಕ್ಕದ್ದು ಹೇಗಿದೆ. ಬಾಯಿಗೆ ಮಾತು ಬರದವನಲ್ಲ ನಾನು, ಆದರೆ ಅವತ್ತು ನಾಲ್ಕು ಮಾತಾದ ಮೇಲೆ ಬೆಳ್ಳಗೈತೆ ಬೆಳ್ಳಗೈತೆ ಅಂತ ಅದನ್ನೇ ಅನ್ನುತ್ತಿದ್ದೆ. “ಸಾಕು ಬುಡು” ಅಂದಳು ಅಕ್ಕ. “ಸೋಮವಾರ ಜೀಪು ಮಾಡ್ಕೊಂಡು ಬತ್ತೀವಿ. ನಾಳೆ ನಿಮ್ಮ ಭಾವಂಗೆ ಆಲೂಗೆಡ್ಡೆ ಬಿತ್ತನೆ ಮಾತಿಗೆ ಯಾರೋ ಬತ್ತಾರಂತೆ.”

ಭಾನುವಾರ ಊಟವಾಯಿತು. ಅವರು ಕಾರು ಹತ್ತುವಾಗ ನಾನು ಒಂದು ಸಲವೂ ತಡೆಯಲಿಲ್ಲ. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಆಕೆ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಹೇಳಿದರು: “ನಿಜ ಹೇಳ್ಬೇಕಂದ್ರೆ ನಾವು ಬುಧವಾರಾನೇ ಹೋಗ್ಬೇಕಿತ್ತು. ಗುರುವಾರ ನಮ್ಮ ನಾದಿನಿ ಮಗಳ ನಿಶ್ಚಿತಾರ್ಥ. ಅವರೆಲ್ಲ ಫೋನಲ್ಲಿ ಬೈದ್ರು. ಆದರೆ ಇವರು ಅಷ್ಟು ಬಾಯ್ತುಂಬ ಇರಿ ಅಂದಾಗ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಬೆಂಗಳೂರಲ್ಲಿ ನಮ್ಮನ್ನ ಯಾರು ಹಾಗೆ ಕರೀತಾರೆ ಹೇಳಿ?”

ಕಾರು ಹೋಯಿತು. ನಾವಿಬ್ಬರೂ ಬಹಳ ಹೊತ್ತು ಅಲ್ಲೇ ನಿಂತಿದ್ದೆವು. ಅವರಿಗೂ ಹೋಗಬೇಕಿತ್ತು. ನನಗೂ ಅವರು ಹೋಗಬೇಕಿತ್ತು. ಬಾಯಿ ಬರಲಿಲ್ಲ, ಇಬ್ಬರಿಗೂ. ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಪೊರಕೆ ತೆಗೆದುಕೊಂಡು ಸುಮ್ಮನೆ ಗೂಡಿನ ಕಡೆ ಹತ್ತಿದಳು.

ಸೋಮವಾರ ಹನ್ನೊಂದಕ್ಕೆ ಜೀಪು ಬಂತು. ಅಕ್ಕನನ್ನು ಭಾವ ಒಂದು ಕಡೆ, ನಾನು ಒಂದು ಕಡೆ ಹಿಡಿದು ಗೂಡಿಗೆ ಹತ್ತಿಸಿದೆವು. ಅವಳ ತೋಳು ನನ್ನ ಹಿಡಿಯೊಳಗೆ ಪೂರ್ತಿ ಬರುತ್ತಿತ್ತು. ದಾರಿಯುದ್ದಕ್ಕೂ ಎರಡೂ ಕಡೆ ಕಂದಿದ ಹೂವು. ಜೇನಿನ ಸದ್ದಿರಲಿಲ್ಲ. ಅಕ್ಕ ಒಂದು ಕೊಂಬೆಯ ಮೇಲೆ ಕೈಯಾಡಿಸಿದಳು. ಕಂದು ಬಣ್ಣದ ಪುಡಿ ಬೆರಳಿಗೆ ಬಂತು.

“ಚೆನ್ನಾಗ್ ಕಚ್ಚೈತೆ ಕಣೋ. ಫಸ್ಲು ಚೆನ್ನಾಗ್ ಬತ್ತದೆ ಈ ವರ್ಷ” ಅಂದಳು. ರೈತರ ಮನೆ ಹೆಂಗಸು, ಅದನ್ನೇ ಅಂದಳು.

ಗೂಡಿನ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಇತ್ತು. ಅದರಲ್ಲಿ ನೀರು ಹಾಕಿ, ಮುರಿದ ಕಾಫಿ ಕೊಂಬೆಯೊಂದನ್ನು ಆ ದಂಪತಿ ಇಟ್ಟು ಹೋಗಿದ್ದರು. ಮೊಗ್ಗಿದ್ದದ್ದನ್ನೇ ಮುರಿದಿರಬೇಕು, ನೆರಳಲ್ಲಿ ತಡವಾಗಿ ಅರಳಿತ್ತು. ಗುಡಿಸಲು ಬಂದ ಹೆಂಡತಿ ಅದೊಂದನ್ನು ಮುಟ್ಟಿರಲಿಲ್ಲ. ನಮ್ಮಲ್ಲಿ ಹೂವಿನ ಕೊಂಬೆ ಮುರಿಯುವುದು ಕೈತುತ್ತು ಚೆಲ್ಲಿದ ಹಾಗೆ. ಪೇಟೆಯವರಿಗೆ ಅದು ಗೊತ್ತಿಲ್ಲ. ಇಡೀ ತೋಟದಲ್ಲಿ ಬೆಳ್ಳಗೆ ಉಳಿದದ್ದು ಆ ಒಂದು ಗೇಣುದ್ದದ ಕೊಂಬೆ.

“ಅಪ್ಪ ಇದ್ದಿದ್ರೆ ಮುರ್ದೋರ ಕೈ ಮುರೀತಿದ್ದ” ಎಂದು ಅಕ್ಕ ಕಿಸಕ್ಕನೆ ನಕ್ಕಳು. ಲೋಟವನ್ನು ಎತ್ತಿಸಿ ತಲೆದಿಂಬಿನ ಹತ್ತಿರ ಇಡಿಸಿಕೊಂಡಳು. “ಯಾರೋ ಪುಣ್ಯಾತ್ಗಿತ್ತಿ ನಂಗಂತಲೇ ಇಟ್ಟು ಹೋಗವ್ಳೆ.”

ಆ ದಿನ ಮತ್ತು ಮಾರನೆಯ ದಿನ ಅವಳು ಆ ಎಂಟಡಿ ಹತ್ತಡಿಯೊಳಗೆ ಮಲಗಿದಳು, ಎದ್ದಳು, ಹೊಸಿಲ ಮೇಲೆ ಕೂತಳು. ಕರಿಕಾಫಿ ಎರಡು ಗುಟುಕು ಸೇರಿತು. ಪಲ್ಯ ಮೂಸಿ ನೋಡಿ ಇಟ್ಟಳು. ತಟ್ಟೆ ತೊಳೆಯದೆ ಕಳಿಸಿದಳು. ನನ್ನ ಹೆಂಡತಿ ಆ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಅಳುತ್ತಾ ಇಳಿದು ಬಂದಳು. ನಾನು ಒಮ್ಮೆ ಹೊಸಿಲ ಕೆಳಗೆ ಕೂತು, “ತಪ್ಪಾಯ್ತಕ್ಕ” ಅಂದೆ.

“ಏನ್ ತಪ್ಪೋ?”

“ಅಪ್ಪನಾಣೆ ಹಾಕಿದ್ದೆ.”

“ನೀನೇನ್ ಬೇಕಂತ ಮಾಡ್ದ್ಯಾ? ನಿಂಗೆ ಅದು ಬಾಯ್ಮಾತು ಅಂತ ಕಲ್ಸಿದ್ದೇ ನಾನು.” ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈಗೆ ಭಾರವೇ ಇರಲಿಲ್ಲ. ಕೆಳಗೆ ಭಾವ ಜೀಪಿನವನ ಜೊತೆ ಏನೋ ಮಾತಾಡುವುದು ಕೇಳಿಸುತ್ತಿತ್ತು.

ಮಂಗಳವಾರ ನಾಲ್ಕು ಗಂಟೆಗೆ ಹೊರಟಳು. ಬೆಳಗಾದರೆ ಹಾಸನ. ಭಾವ ವೈರ್ ಬ್ಯಾಗು ಎತ್ತಿಕೊಂಡು ಮುಂದೆ ಇಳಿದರು.

“ಇಷ್ಟ್ ಬೇಗ ಏನವಸ್ರ ಅಕ್ಕ? ಇನ್ನೆರಡು ದಿನ ಇದ್ದು ಹೋಗು” ಅಂದೆ.

“ಮನೇಲಿ ಎಮ್ಮೆ ಕರು ಹಾಕೋದೈತೆ ಕಣೋ” ಅಂದಳು.

ನನ್ನ ಜನ್ಮದಲ್ಲಿ ಆ ಮಾತನ್ನು ನಾನು ಮನಸ್ಸಿಟ್ಟು ಆಡಿದ್ದು ಅದೇ ಮೊದಲು. ಹಾಸನ ಬೇಡ, ಔಷಧಿ ಬೇಡ, ಇಲ್ಲೇ ಇದ್ದುಬಿಡು ಎಂದು ಹೇಳಲು ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ. ಸಾವಿರ ಸಲ ಸುಮ್ಮಸುಮ್ಮನೆ ಆಡಿ ಸವೆಸಿದ ಅದೇ ಮಾತು.

ಹೊಸಿಲು ದಾಟಿದಳು. ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತು ಇಳಿಜಾರು ನೋಡಿದಳು.

“ಇದ್ದು ಹೋಗಕ್ಕ. ಎರಡೇ ದಿನ.”

“ಮುಂದಿನ ಹೂವಿಗೆ ಬಂದು ಎಂಟು ದಿನ ಇರ್ತೀನಿ.”

ಅವಳ ಚಪ್ಪಲಿ ಮೆಟ್ಟಿಲ ಬಳಿ ಇತ್ತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಹಿಮ್ಮಡಿಯ ಹತ್ತಿರ ಸವೆದದ್ದು. ನಾನು ಅದನ್ನೇ ನೋಡುತ್ತಿದ್ದೆ. ನಲವತ್ತು ದಾಟಿದ ಗಂಡಸು. ಅಕ್ಕ ನನ್ನ ಕಣ್ಣು ಹೋದ ಕಡೆ ನೋಡಿದಳು. ಅವಳ ಮುಖದಲ್ಲಿ, ಆ ಸೊರಗಿದ ಮುಖದಲ್ಲಿ, ಹಳೆಯ ನಗು ಪೂರ್ತಿಯಾಗಿ ಬಂತು.

“ಲೋ, ಬಣವೆಗೆ ತುರುಕ್ಬುಟ್ಟೀಯ ಮತ್ತೆ!”

ನಾನು ಬಗ್ಗಿ ಚಪ್ಪಲಿಯನ್ನು ಅವಳ ಕಾಲ ಹತ್ತಿರ ಇಟ್ಟೆ. ಅವಳು ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಕೊಂಡಳು. ತಲೆಯೆತ್ತದೆ ಮೂರನೆಯ ಸಲ ಹೇಳಿದೆ. ಮಾತು ಪೂರ್ತಿ ಹೊರಬರಲಿಲ್ಲ, “ಇನ್ನೆರಡು” ಅನ್ನುವಷ್ಟಕ್ಕೇ ನಿಂತಿತು.

“ಮೂರಾಯ್ತು ಕಣೋ” ಅಂದಳು ಅಕ್ಕ. “ಇನ್ನು ಬುಡು. ಹೋಗ್ ಬತ್ತೀನಿ.”